ಕಾಕಾ ಹಿಡಿಯದ ನೇಮ

ಅವರ ಬಲಗೈ ಸುಮ್ಮನಿರುತ್ತಿರಲಿಲ್ಲ. ಏನು ಸಿಕ್ಕರೂ ಅಂಗೈ ಮೇಲಿಟ್ಟು, ಮೊಣಕೈಯನ್ನು ಪಕ್ಕೆಗೆ ಒತ್ತಿ, ಎರಡು ಸಲ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ ತೂಕ ಹೇಳಿಬಿಡುತ್ತಿದ್ದರು. ಬದನೆಕಾಯಿ, ಸಾಬೂನು, ನಮ್ಮ ಮನೆಯ ಆರು ತಿಂಗಳ ಕೂಸು, ಯಾವುದನ್ನೂ ಬಿಟ್ಟವರಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮುಂದೆ ಮೂವತ್ತು ವರ್ಷ ಕೂತು ನಿವೃತ್ತರಾದವರು. ನಮ್ಮೂರು ಜುಗೂಳಿನಲ್ಲಿ ಎಲ್ಲರೂ ಅವರನ್ನು ಕಾಟಾ ಕಾಕಾ ಎಂದೇ ಕರೆಯುತ್ತಿದ್ದರು. ನಮ್ಮ ಹಿತ್ತಲಿನ ಎರಡು ಖೋಲಿಗಳಲ್ಲಿ ಕಾಕಿಯ ಜೊತೆ ಬಾಡಿಗೆಗಿದ್ದರು. ನಡುವೆ ಎರಡು ಸಲ ಬಾಡಿಗೆ ಏರಿಸಿದವರು ನಾವೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಒಮ್ಮೆ ಕಿರಾಣಿ ಅಂಗಡಿಯಲ್ಲಿ ನಾನು ಬಿಸ್ಕಿಟ್ ಪುಡಿಕೆ ಕೊಳ್ಳುತ್ತಿದ್ದೆ. ಕಾಕಾ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗೈ ಮೇಲೆ ಆಡಿಸಿ, ಇದು ಹೋದ ವರ್ಷದಷ್ಟು ಇಲ್ಲ ಎಂದರು. ಅಂಗಡಿಯವನು ನಗುತ್ತ, ರೇಟು ಅದೇ ಇದೆಯಲ್ಲ ಎಂದ. ಕಾಕಾ ನಗಲಿಲ್ಲ.

"ರೇಟ್ ಅದ ಇಟ್ಟು ಮಾಲ ಕದ್ದಾರಲ್ಲೋ ಮಾರಾಯಾ. ಕಾಟಾದಾಗ ನಾ ಹಿಂಗ ಮಾಡಿದ್ರ ರೈತರು ಚಪ್ಪಲಿಲೆ ಹೊಡೀತಿದ್ರು."

ಅಂಗಡಿಯವನು ತಕ್ಕಡಿಗೆ ಹಾಕಿ ನೋಡಿದ. ಕಾಕಾ ಹೇಳಿದ್ದೇ ಸರಿ ಇತ್ತು. ಈಗ ನಾನು ಸಾಮಾನು ತರುವಾಗ ಪ್ರತಿ ಪುಡಿಕೆಯ ಹಿಂದಿನ ಸಣ್ಣಕ್ಷರ ಓದುತ್ತೇನೆ, ಓದಿ ಬೈಯುತ್ತೇನೆ. ಆ ಚಟ ಅವರಿಂದ ಬಂದದ್ದು.

ಅವರ ಪಿಂಚಣಿ ಮಾತ್ರ ನಿವೃತ್ತಿಯ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ ಇತ್ತು. ಸರ್ಕಾರಿ ನೌಕರರಿಗೆ ಸಿಗುವ ತುಟ್ಟಿಭತ್ಯೆ ಇಂಥವರಿಗೆ ಇಲ್ಲ. ತುಟ್ಟಿ ಮಾತ್ರ ಇವರಿಗೂ ಅಷ್ಟೇ. ಯಾವ ಶಾಣ್ಯಾ ಇದನ್ನು ಗೊತ್ತುಮಾಡಿದನೋ, ಅವನನ್ನು ಒಂದು ತಿಂಗಳು ಕಾಕಿಯ ಅಡಿಗೆಮನೆಯಲ್ಲಿ ಕೂರಿಸಬೇಕಾಗಿತ್ತು.

ಆ ವರ್ಷ ಎಣ್ಣೆಯ ಬೆಲೆ ಒಮ್ಮೆಲೇ ಏರಿತು. ಚಾತುರ್ಮಾಸ ಶುರುವಾಗಿ ನಾಲ್ಕು ದಿನವಾಗಿರಬೇಕು, ಹಿತ್ತಲಿನಿಂದ ಒಗ್ಗರಣೆಯ ವಾಸನೆ ಬರುವುದು ನಿಂತಿದೆ ಎಂದು ನನಗೆ ಹೊಳೆಯಿತು. ನಮ್ಮ ಜೈನರಲ್ಲಿ ಆ ನಾಲ್ಕು ತಿಂಗಳು ಒಬ್ಬರು ಉಪ್ಪು ಬಿಡುತ್ತಾರೆ, ಒಬ್ಬರು ತುಪ್ಪ, ಇನ್ನೊಬ್ಬರು ಸಿಹಿ. ಕಾಕಾ ಎಣ್ಣೆಯ ನೇಮ ಹಿಡಿದಿದ್ದಾರೇನು ಎಂದು ನಾನೇ ಕಾಕಿಯನ್ನು ಕೇಳಿದೆ. ಕಾಕಿ ನೆಲ ನೋಡುತ್ತ ಹೌದೆನ್ನುವಂತೆ ತಲೆಯಾಡಿಸಿದರು. ಅಷ್ಟೇ ಸಾಕಾಯಿತು. ಓಣಿಗೆಲ್ಲ ಡಂಗುರ ಹೊಡೆದವಳು ನಾನು.

ಆಮೇಲೆ ಆ ಮನೆಯಲ್ಲಿ ಸಕ್ಕರೆ ನಿಂತಿತು, ತುಪ್ಪ ನಿಂತಿತು, ತೊಗರಿಬೇಳೆ ವಾರಕ್ಕೊಮ್ಮೆ ಆಯಿತು. ಒಂದೊಂದು ನಿಂತ ಹಾಗೆ ಊರಲ್ಲಿ ಅವರ ಮರ್ಯಾದೆ ಏರುತ್ತ ಹೋಯಿತು. ಬಸದಿಯಲ್ಲಿ ಹೆಂಗಸರು ಕಾಲು ಮುಟ್ಟಿ ನಮಸ್ಕರಿಸತೊಡಗಿದರು. ಕಾಕಾ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಅದೂ ದೊಡ್ಡತನ ಎನಿಸಿತು ನಮಗೆ. ಚಾತುರ್ಮಾಸ ಮುಗಿಯಿತು, ಒಗ್ಗರಣೆಯ ವಾಸನೆ ತಿರುಗಿ ಬರಲಿಲ್ಲ. ಆಜೀವ ನೇಮವಂತೆ ಎಂದು ಊರು ತಾನೇ ತೀರ್ಮಾನಿಸಿತು.

ಮುಂದಿನ ಬೇಸಿಗೆ ನನ್ನ ಮಗಳ ಮದುವೆ. ಕಾಕಾನಿಗಾಗಿ ಬೇರೆ ಅಡಿಗೆ ಮಾಡಿಸಿದ್ದೆ: ಅನ್ನ, ಬೇಯಿಸಿದ ಬೇಳೆ, ಎಣ್ಣೆ ಹಾಕದ ಪಲ್ಯ. ಮಾಡಿಸಿದ್ದೇನೆ ಎಂಬ ಜಂಬವೂ ಇತ್ತು. ಪಂಕ್ತಿಯಲ್ಲಿ ಬುಂದಿ ಲಾಡು ನೀಡುತ್ತ ಬಂದವನು ಕಾಕಾನ ಎದುರು ಬಗ್ಗಿದಾಗ ನಾನು ಓಡಿಹೋಗಿ ತಡೆದೆ.

"ಅವರದು ನೇಮ ಐತ್ರಿ, ನೀಡಬ್ಯಾಡ್ರಿ."

ಅವನು ನಾಲಿಗೆ ಕಚ್ಚಿಕೊಂಡು ಮುಂದಿನ ಎಲೆಗೆ ಹೋದ. ಕಾಕಾನ ಬಲಗೈ ಎಲೆಯ ಪಕ್ಕದಲ್ಲಿ ಅಂಗೈ ಮೇಲಾಗಿ ಹಾಗೇ ಇತ್ತು. ನಾನು ಅದನ್ನು ನೋಡಿದೆ. ನೋಡಿಯೂ ನನ್ನ ತಲೆಗೆ ಏನೂ ಹೋಗಲಿಲ್ಲ. ಆ ಮದುವೆಯ ಫೋಟೋಗಳನ್ನು ಈಗ ತೆಗೆದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಮರುವರ್ಷ ಚಾತುರ್ಮಾಸದ ಕೊನೆಗೆ ಬಸದಿಯ ಪಂಚರು ತ್ಯಾಗಿಗಳಿಗೆ ಸತ್ಕಾರ ಇಟ್ಟುಕೊಂಡರು. ನನ್ನ ಅಕ್ಷರ ಚೆಂದ ಎಂದು ಮಾನಪತ್ರ ನನ್ನಿಂದಲೇ ಬರೆಸಿದರು. ರಸನೆಯನ್ನು ಗೆದ್ದವರು, ಆಸೆಯನ್ನು ಅಳಿದವರು, ಇನ್ನೂ ಏನೇನೋ ಬರೆದೆ. ಓದಿ ಮುಗಿಸಿ ಕೆಳಗಿಳಿದೆ. ಎರಡು ಮಾತಾಡಿ ಎಂದು ಕಾಕಾನ ಕೈಗೆ ಮೈಕು ಕೊಟ್ಟರು. ಅವರ ಪ್ಯಾಂಟನ್ನು ಹಿಡಿದಿದ್ದ ಬೆಲ್ಟಿಗೆ ಮೊಳೆ ಕಾಯಿಸಿ ಮಾಡಿದ ಹೊಸ ತೂತುಗಳಿದ್ದವು. ಅವತ್ತೇ ನನ್ನ ಕಣ್ಣಿಗೆ ಬಿದ್ದದ್ದು.

"ನಾ ಯಾವ ನೇಮಾನೂ ಹಿಡದಿಲ್ರಿ," ಎಂದರು. "ಎಣ್ಣಿ ತುಟ್ಟಿ ಆತು, ಬಿಟ್ಟೆ. ಸಕ್ರಿ, ತುಪ್ಪಾನೂ ಹಂಗ. ಹಸದೀನಿ ಅನ್ನೂದಕಿಂತ ನೇಮ ಅಂದ್ರ ಮರ್ಯಾದಿ ಇತ್ತು, ಅದಕ್ಕ ಸುಮ್ಮನಿದ್ದೆ. ದೇವರ ಮುಂದ ನಿಂತು ಸುಳ್ಳ ತೂಕ ಹೇಳಾಕ ನನ್ನ ಕಡೆ ಆಗಾಂಗಿಲ್ಲ. ಈ ಶಾಲು ಖರೇ ನೇಮ ಹಿಡದವರಿಗೆ ಹೊಚ್ಚರಿ."

ಆಗ ಹಿರಿಯ ಪಂಚರೊಬ್ಬರು ಎದ್ದು ಬಂದು ಕಾಕಾನ ಕೈಯಿಂದ ಮೈಕು ತೆಗೆದುಕೊಂಡು, ನೋಡಿ, ನಿಜವಾದ ತ್ಯಾಗಿಯ ವಿನಯ ಅಂದರೆ ಇದು ಎಂದರು. ಜನ ಚಪ್ಪಾಳೆ ತಟ್ಟಿದರು. ತಲೆಗೆ ಫೇಟಾ ಸುತ್ತಿದರು, ಶಾಲು ಹೊಚ್ಚಿದರು, ಫೋಟೋ ತೆಗೆದರು. ಹೊಟ್ಟೆಗಿಲ್ಲ ಎಂದು ಒಬ್ಬ ಮನುಷ್ಯ ಬಾಯಿಬಿಟ್ಟು ಹೇಳಿದರೂ ಕೇಳಿಸಿಕೊಳ್ಳದ ಜನ ನಾವು. ನಾನು ಚಪ್ಪಾಳೆ ತಟ್ಟಲಿಲ್ಲ ನಿಜ, ಆದರೆ ಎದ್ದೂ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಶೇಂಗಾ ಎಣ್ಣೆಯ ಡಬ್ಬಿ ಹಿಡಿದು ಅವರ ಬಾಗಿಲಿಗೆ ಹೋದೆ. ಕಾಕಾ ಅದನ್ನು ಅಂಗೈ ಮೇಲೆ ಆಡಿಸಿ, ತೂಕ ಸರಿ ಇದೆ ಎಂದು ತಿರುಗಿ ನನ್ನ ಕೈಗೇ ಕೊಟ್ಟರು.

"ಪಿಂಚಣಿ ಏರಸ್ರಿ ಅಂತ ಕೇಳೂದು ನನ್ನ ಹಕ್ಕು ಮಗಳ. ಇದನ್ನ ಇಸಗೊಂಡ್ರ ಅದು ಭಿಕ್ಷಾ. ಹಬ್ಬಕ್ಕ ಊಟಕ್ಕ ಕರಿ, ಬರ್ತೀನಿ. ಎಲ್ಲಾರಿಗೂ ನೀಡಿದ್ದು ನನಗೂ ನೀಡು."

ಸಂಕ್ರಾಂತಿಗೆ ಕರೆಯೋಣ ಎಂದುಕೊಂಡೆ. ದಿನಾ ಕಣ್ಣೆದುರಿಗಿದ್ದವರನ್ನು ಕರೆಯಲು ಹಬ್ಬವೇ ಬೇಕಿತ್ತೇ ಎಂದು ಈಗ ಅನ್ನಿಸುತ್ತದೆ. ಸಂಕ್ರಾಂತಿಗೆ ಮೊದಲೇ, ಥಂಡಿಯ ದಿನಗಳಲ್ಲಿ ಕಾಕಾನಿಗೆ ಒಂದು ಸಾಧಾರಣ ಜ್ವರ ಬಂತು. ಮೈಯಲ್ಲಿ ಕಸುವೇ ಇಲ್ಲವಲ್ಲ ಎಂದು ಅಥಣಿಯ ಡಾಕ್ಟರು ಬೈದರು. ಮೂರನೆಯ ದಿನ ಕಾಕಾ ಹೋಗಿಬಿಟ್ಟರು.

ಶೋಕಸಭೆಗೆ ಬಸದಿಯ ಮುಂದೆ ಫ್ಲೆಕ್ಸ್ ಹಾಕಿದ್ದರು. ಅದೇ ಫೇಟಾ, ಅದೇ ಶಾಲಿನ ಫೋಟೋ, ಕೆಳಗೆ ತ್ಯಾಗಮೂರ್ತಿ ಎಂದು ದಪ್ಪಕ್ಷರ. ಹಳೆಯ ಮಾನಪತ್ರವನ್ನೇ ಇನ್ನೊಮ್ಮೆ ಓದು ಎಂದು ನನ್ನನ್ನು ಕರೆದರು. ಕಾಕಿ ಮುಂದಿನ ಸಾಲಿನಲ್ಲಿ ನೆಲ ನೋಡುತ್ತ ಕೂತಿದ್ದರು. ನಾನು ಕಾಗದವನ್ನು ಮಡಚಿದೆ.

"ಇದು ನಾ ಬರದದ್ದು, ಎಲ್ಲಾ ಸುಳ್ಳೈತಿ," ಎಂದೆ. "ಕಾಕಾ ಆಸೆ ಅಳಿದವರಲ್ಲ. ಅವರಿಗೆ ಲಾಡು ಬೇಕಾಗಿತ್ತು. ಅವರು ಹಸದಿದ್ರು, ನಾವು ಕಾಲ ಮುಟ್ಟಿ ನಮಸ್ಕಾರ ಮಾಡಿದಿವಿ."

ಕಾಕಿ ತಲೆಯೆತ್ತಿ ನನ್ನನ್ನು ನೋಡಿದರು. ಅದೇ ಹಿರಿಯ ಪಂಚರು ಎದ್ದು ಬಂದು ಮೈಕಿಗೆ ಕೈ ಚಾಚಿದರು. ನಾನು ಕೊಡಲಿಲ್ಲ.