ನಾಲ್ಕು ಗುಂಡು

ನಮ್ಮ ಸಂಪಾದಕರ ಕೆಳದುಟಿಯ ಎಡಮೂಲೆ ಸದಾ ಕಪ್ಪಗಿರುತ್ತಿತ್ತು. ಯೋಚನೆಗೆ ಬಿದ್ದಾಗ ಅವರು ಅಚ್ಚಿನ ಮೊಳೆಯೊಂದನ್ನು ಬಾಯಿಗಿಟ್ಟು ಕಚ್ಚುತ್ತಿದ್ದರು. ಸೀಸ ವಿಷವೆಂದು ಹೆಂಡತಿ ಬೈದರೆ, "ದೊರೆಗಳು ಓದೋ ಪೇಪರಿಗಿಂತ ಕಮ್ಮಿ ವಿಷ, ಬಿಡು" ಎನ್ನುತ್ತಿದ್ದರು.

ಬೆಳಿಗ್ಗೆ ಏಳೂಕಾಲಕ್ಕೆ ನನ್ನ ಕಣ್ಣೆದುರು ನಡೆದದ್ದನ್ನು ನಾನು ಮೊದಲು ಹೇಳಿದ್ದು ಅವರಿಗೆ.

ಕೊಡಗು ಆಗ ತನ್ನದೇ ಒಂದು ರಾಜ್ಯ. ದೇಶ ಸ್ವತಂತ್ರವಾಗಿ ಕೆಲವು ವರ್ಷಗಳಾಗಿದ್ದವು. ಕಕ್ಕಬೆ ಹತ್ತಿರದ ಆ ಬಿಳಿ ದೊರೆಯ ಎಸ್ಟೇಟಿಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಬಿ.ಎ. ಮುಗಿಸಿದ ನಾನು ಅಲ್ಲಿ ಹಾಜರಿ ಹಾಕುವ ರೈಟರ್. ಆ ಬೆಳಿಗ್ಗೆ ತೋಟದಲ್ಲಿ ದುಡಿಯುವ ಎರವ ಆದಿವಾಸಿಗಳ ಮುತ್ತ, ಹೆಂಡತಿ ಬೊಳ್ಳಿಯ ಜೊತೆ, ಆಳುಗಳ ಸಾಲುಮನೆಯ, ಅಂದರೆ ಲೈನಿನ, ಕೋಣೆ ಬಿಟ್ಟು ಬೇರೆ ತೋಟಕ್ಕೆ ಹೊರಟಿದ್ದ. ದೊರೆ ಕೂಗಿದ. ಮುತ್ತ ನಿಲ್ಲಲಿಲ್ಲ. ಮೊದಲ ಗುಂಡು ಕಾಲಿಗೆ ಬಿತ್ತು. ಮುತ್ತ ಕುಸಿದು, ತಿರುಗಿ, ಎರಡೂ ಕೈ ಎತ್ತಿದ. ಎತ್ತಿದ ಮೇಲೆ ಎರಡನೆಯದು.

ದೊರೆ ಖಾಲಿ ಕಾರ್ಟ್ರಿಜ್‌ಗಳನ್ನು ಜೇಬಿಗಿಳಿಸಿ ನನ್ನ ಹತ್ತಿರ ಬಂದ. "ರೈಟರ್. ಹಂದಿ ಅಂತ ಹೊಡೆದೆ. ಒಂದು ಗುಂಡು. ಒಂದೇ." ಕೋವಿಯ ಬಾಯಿ ನನ್ನ ಎದೆಯ ಕಡೆಗಿತ್ತು.

ಪೊದೆಗೆ ಹಾರಿಸಿದ ಒಂದು ಗುಂಡು ಆಕಸ್ಮಿಕ. ಎರಡಾದರೆ ಕೊಲೆ. ಮಧ್ಯಾಹ್ನದೊಳಗೆ ಹೆಣ ಹೂಳಿಸಿದರು. ಬೊಳ್ಳಿಯನ್ನು ಯಾರೂ ಏನೂ ಕೇಳಲಿಲ್ಲ.

ನಾನು ಮಡಿಕೇರಿ ಬಸ್ಸು ಹತ್ತಿದೆ. ಕಾಲೇಜಿನಲ್ಲಿದ್ದಾಗ ಸಂಪಾದಕರ ವಾರಪತ್ರಿಕೆಗೆ ಎರಡು ಕವಿತೆ ಕಳಿಸಿದ್ದೆ, ಎರಡನ್ನೂ ವಾಪಸು ಕಳಿಸಿದ್ದರು. ಅಷ್ಟೇ ಪರಿಚಯ.

"ಕೂತ್ಕೊ ಮಾರಾಯ. ಕವಿತೆ ತರ್ಲಿಲ್ಲ ತಾನೆ?" ಎಂದವರು ನನ್ನ ಮುಖ ನೋಡಿ, ಬಾಗಿಲು ಹಾಕಿ ಬಂದು ಎದುರು ಕುಳಿತರು.

ಎರಡು ದಿನದ ಮೇಲೆ ಪಟ್ಟಣದ ದೊಡ್ಡ ಪತ್ರಿಕೆಯಲ್ಲಿ ಸುದ್ದಿ ಬಂತು: 'ಹಂದಿ ಬೇಟೆಯಲ್ಲಿ ಅವಘಡ, ಕೂಲಿಯ ಸಾವು'. ದೊರೆಯ ಹೆಸರು, ಅವನು ಯುದ್ಧದಲ್ಲಿ ಪಡೆದ ಪದಕ, ಅವನ ದುಃಖ ಎಲ್ಲ ಇತ್ತು. ಸಂಪಾದಕರು ಒಂದು ಸಾಲಿನ ಮೇಲೆ ಬೆರಳು ಕುಟ್ಟಿದರು. "ನೋಡು, ದೊರೆಯ ನಾಯಿ ಹೆಸರು ಹಾಕಿದಾರೆ. ನಾಯಿ ಹೆಸರು! ಸತ್ತವನಿಗೆ ಹೆಸರಿಲ್ಲ." ಅವರು ಅಷ್ಟು ಜೋರಾಗಿ ಕೂಗಿದ್ದನ್ನು ಮತ್ತೆಂದೂ ಕೇಳಲಿಲ್ಲ.

ಮೊದಲು ಬೊಳ್ಳಿಯ ಮಾತು ಕೇಳಿದರು. ಆಮೇಲೆ ಎಸ್ಟೇಟಿನ ಸುತ್ತಲ ಊರಿಗೆ ನಡೆದರು, ನಾನೂ ಜೊತೆಗಿದ್ದೆ. ಪಕ್ಕದ ದೊಡ್ಡ ಮನೆಯ ಅಜ್ಜ ಬಾಗಿಲಲ್ಲೇ ಕೈಯಾಡಿಸಿದ.

"ಬೇಟೆ ವಿಚಾರ ನಂಗೆ ಗೊತ್ತಿಲ್ಲಪ್ಪ. ಆ ದಿನ ನಾನು ಬಿಳಿ ಉಟ್ಟು ಸಾವಿಗೆ ಹೋಗಿದ್ದೆ."

"ಯಾರ ಸಾವಿಗಜ್ಜ?"

"ಅದೇ ಗೊತ್ತಾಗ್ಲಿಲ್ಲ! ಬೆಳಿಗ್ಗೆ ಜೋಡಿ ಗುಂಡು ಕೇಳ್ತು. ಕೆಳಮನೆ ಮುದುಕಿ ಹೋಯ್ತು ಅಂತ ಓಡಿದ್ರೆ, ಅವ್ಳೇ ಬಾಗ್ಲಲ್ಲಿ ನಿಂತು, 'ನನ್ ಸಾವಿಗೆ ಬಂದ್ಯಾ? ಕಾಫಿ ಕುಡ್ಕೊಂಡು ಹೋಗು' ಅಂತಾಳೆ."

ನಮ್ಮಲ್ಲಿ ಸಾವಾದ ಮನೆಯವರು ಅಂಗಳದಲ್ಲಿ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡಬೇಕು. ಆ ಬೆಳಿಗ್ಗೆ ಅರ್ಧ ಊರು ಬಿಳಿಯುಟ್ಟು, ಸಾವಿನ ಮನೆ ಹುಡುಕಿ ಅಲೆದಿತ್ತು.

"ಸಾವು ಲೈನಿನಲ್ಲಾಗಿತ್ತಜ್ಜ," ಎಂದರು ಸಂಪಾದಕರು.

"ಎರವನ ಸಾವಿಗೆ ಜೋಡಿ ಗುಂಡು ಯಾರು ಹಾರಿಸ್ತಾರೆ?"

"ದೊರೆ ಹಾರಿಸಿದ."

ಅಜ್ಜ ಹೊಸ್ತಿಲ ಮೇಲೆ ಕುಳಿತುಬಿಟ್ಟ.

ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ದೊಡ್ಡ ಮೊಳೆಗಳಲ್ಲಿ ಮುತ್ತನ ಹೆಸರಿತ್ತು. ಕೆಳಗೆ ಬೊಳ್ಳಿ ಹೇಳಿದ್ದು, ಅದರ ಕೆಳಗೆ ಬಿಳಿಯುಟ್ಟು ಹೊರಟವರ ಮಾತು. ನನ್ನ ಹೆಸರನ್ನೂ ಹಾಕಿ ಎಂದೆ. "ಕೋರ್ಟಲ್ಲಿ ಹೇಳು. ಇಲ್ಲಿ ಬೇಡ, ನೀನು ಬದುಕಿರ್ಬೇಕು" ಎಂದರು.

ಪತ್ರಿಕೆ ಹೊರಬಿದ್ದ ಸಂಜೆ ಎಸ್ಟೇಟಿನ ಜೀಪು ಬಂತು. ಬಂದವರೆಲ್ಲ ನಮ್ಮವರೇ, ದೊರೆಯ ಸಂಬಳದವರು. ಮೊಳೆಯ ಪೆಟ್ಟಿಗೆಗಳನ್ನು ಬೀದಿಗೆ ಸುರಿದರು. "ಹೇಳಿದವನು ಯಾರು?" ಎಂದು ಕೇಳುತ್ತ, ಸಂಪಾದಕರ ಮೊಳೆ ಜೋಡಿಸುವ ಬಲಗೈಯನ್ನು ಬಾಗಿಲ ಸಂದಿಗಿಟ್ಟು ಜಜ್ಜಿದರು. ಹಿಂದಿನ ಕೋಣೆಯಲ್ಲಿ ಅಕ್ಕ, ಅಂದರೆ ಅವರ ಹೆಂಡತಿ, ನನ್ನ ಬಾಯಿ ಮುಚ್ಚಿ ಹಿಡಿದಿದ್ದರು. "ಊರೇ ಹೇಳ್ತು" ಎಂದದ್ದು ಬಿಟ್ಟರೆ ಸಂಪಾದಕರ ಬಾಯಿಂದ ಬೇರೆ ಮಾತು ಬರಲಿಲ್ಲ.

ಪ್ರಕರಣ ಕೋರ್ಟಿಗೆ ಹೋಯಿತು. ನಾನು ಸಾಕ್ಷಿ ಹೇಳಿದೆ, ಅಜ್ಜನೂ ಹೇಳಿದ. ತೀರ್ಪಿಗೆ ಮೊದಲೇ, ಜಾಮೀನಿನ ಮೇಲಿದ್ದ ದೊರೆ ಹಡಗು ಹತ್ತಿ ತನ್ನ ದೇಶಕ್ಕೆ ಹೋದ. ಅವನಿಗೆ ಕ್ಲಬ್ಬಿನಲ್ಲಿ ಬೀಳ್ಕೊಡುಗೆ ಊಟವೂ ಆಯಿತಂತೆ. ಅದರ ಸುದ್ದಿಯೂ ದೊಡ್ಡ ಪತ್ರಿಕೆಯಲ್ಲಿತ್ತು. ಇದನ್ನು ಬರೆಯುವಾಗ ಈಗಲೂ ಹಲ್ಲು ಕಡಿಯುತ್ತೇನೆ.

ಸಂಪಾದಕರು ಎಡಗೈಯಲ್ಲಿ ಮೊಳೆ ಜೋಡಿಸಲು ಕಲಿತರು. ಎಸ್ಟೇಟುಗಳಲ್ಲಿ ಹೀಗೆ ಸತ್ತವರ ಬಗ್ಗೆ ಒಂದು ಪುಸ್ತಕ ಬರೆದು ತಾವೇ ಅಚ್ಚು ಹಾಕಿದರು. ಅದರಲ್ಲಿ 'ಕೂಲಿ' ಎಂಬ ಪದ ಒಮ್ಮೆಯೂ ಇಲ್ಲ, ಎಲ್ಲರಿಗೂ ಹೆಸರಿದೆ. ನಾನು ಅವರಲ್ಲೇ ಉಳಿದು ಕೆಲಸ ಕಲಿತೆ. ಪೇಟೆಯಲ್ಲಿ ಎಲ್ಲೋ ಬಾಗಿಲು ಎರಡು ಸಲ ಬಡಿದರೂ ನಾನು ನೆಲಕ್ಕೆ ಕುಕ್ಕರಿಸುತ್ತಿದ್ದೆ. ರಾತ್ರಿಗಳ ಮಾತು ಬೇಡ.

ಕೊಡಗು ಮೈಸೂರಿಗೆ ಸೇರುವ ಸ್ವಲ್ಪ ಮೊದಲು, ಜ್ವರ ಎದೆಗಿಳಿದು, ಮಡಿಕೇರಿ ಬಳಿಯ ಗಾಳಿಬೀಡಿನ ತಮ್ಮ ಮನೆಯಲ್ಲಿ ಸಂಪಾದಕರು ತೀರಿಕೊಂಡರು. ಕಕ್ಕಬೆಯ ಅಜ್ಜ ನೋಡಲು ಬಂದವನು ಅಲ್ಲೇ ಇದ್ದ. ಅಂಗಳಕ್ಕಿಳಿದು ಅವನೇ ಎರಡು ಗುಂಡು ಹಾರಿಸಿದ. ನಾನು ಕಂಬ ಹಿಡಿದುಕೊಂಡೆ. ಅವರನ್ನು ನೋಡಲೆಂದು ಬಂದು ಬೇಲಿಯ ಬಳಿಯೇ ನಿಂತಿದ್ದ ಬೊಳ್ಳಿಯನ್ನು ಅಜ್ಜ ಒಳಕ್ಕೆ ಕರೆದ. ಅವಳು ಅಂಗಳದ ನಡುವೆ ಬಂದು ನಿಂತ ಮೇಲೆ, ಕೋವಿಗೆ ಮತ್ತೆ ತುಂಬಿ ಇನ್ನೆರಡು ಹಾರಿಸಿದ.

ಪಕ್ಕದ ಮನೆಯವರು ಓಡಿ ಬಂದರು. "ನಾಲ್ಕು ಗುಂಡು ಕೇಳ್ತಲ್ಲಕ್ಕ, ಮತ್ತೊಬ್ರು ಯಾರು?"

ಅಕ್ಕ ಕಣ್ಣೊರೆಸದೆ ಹೇಳಿದರು: "ಮುತ್ತ."

ಆ ರಾತ್ರಿ ನಾನು ಬೆಳಗಿನವರೆಗೆ ನಿದ್ದೆ ಮಾಡಿದೆ.