‘ಡ್ರಮ್ ಖಾಲೀ ಠೇವಾ’: ತಾನಾಗಿ ಬದಲಾದ ಒಂದು ಸಾಲು

2023ರಲ್ಲಿ ನಾನು ನಾಗಪುರದ ಹೊರಗಿನ ಕಳಮೇಶ್ವರ ಕೈಗಾರಿಕಾ ಪ್ರದೇಶದ ಒಂದು ಖಾಸಗಿ ಕಾರ್ಖಾನೆಯಲ್ಲಿ ದಾಖಲೆ ನಿಯಂತ್ರಣದ ಸಲಹೆಗಾರನಾಗಿದ್ದೆ. ಅದಕ್ಕೆ ಮೊದಲು ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಪೂರ್ತಿ ಸೇವೆ ಮುಗಿಸಿದ್ದೆ. ನಿವೃತ್ತಿಯಾದರೂ ಬೆಳಿಗ್ಗೆ ಐದಕ್ಕೆ ಎಚ್ಚರವಾಗುವುದು ನಿಲ್ಲಲಿಲ್ಲ. ಎದ್ದವನು ಮನೆಯಲ್ಲಿ ಕುಳಿತು ಪಕ್ಕದವರ ಕೆಲಸದಲ್ಲಿ ತಪ್ಪು ಹುಡುಕುವುದಕ್ಕಿಂತ ಕಾರ್ಖಾನೆಯಲ್ಲಿ ಹುಡುಕುವುದು ವಾಸಿ ಎಂದು ಹೆಂಡತಿ ಹೇಳಿದಳು. ಹಾಗಾಗಿ ಬಜಾಜ್ ನಗರದ ಮೂಲೆಯಲ್ಲಿ ಕಂಪನಿಯ ಬಸ್ಸು ಹತ್ತುವುದು ಮತ್ತೆ ಶುರುವಾಯಿತು.

ದಾಖಲೆ ನಿಯಂತ್ರಣ ಎಂದರೇನು ಎಂದು ಹಲವರು ಕೇಳುತ್ತಾರೆ. ಕಾರ್ಖಾನೆಯಲ್ಲಿ ಪ್ರತಿ ಕೆಲಸಕ್ಕೂ ಒಂದು ಎಸ್‌ಒಪಿ ಇರುತ್ತದೆ, ಅಂದರೆ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬ ಲಿಖಿತ ಸೂಚನೆ. ಯಂತ್ರದ ಪಕ್ಕದಲ್ಲಿ ನಿಂತವನ ಕೈಗೆ ಸಿಗುವ ಪ್ರತಿ, ಕಚೇರಿಯಲ್ಲಿ ಅನುಮೋದನೆಯಾದ ಪ್ರತಿಯೇ ಆಗಿರಬೇಕು. ನನ್ನ ಕೆಲಸ ಇಷ್ಟೇ. ಕೇಳಲು ಸಪ್ಪೆ. ಆದರೆ ಎರಡು ಪ್ರತಿಗಳ ನಡುವೆ ಒಂದು ಪದದ ವ್ಯತ್ಯಾಸವಾದರೂ ಯಾರದಾದರೂ ಕೈಯೋ ಕಾಲೋ ಹೋಗಬಹುದು.

ನಾನು ಸೇರುವ ಹೊತ್ತಿಗೆ ಅಲ್ಲಿ ಕಾಗದದ ಫೈಲುಗಳು ಹೋಗಿ, ಬ್ರೌಸರ್‌ನಲ್ಲೇ ತೆರೆಯುವ ಒಂದು ಆನ್‌ಲೈನ್ ಎಡಿಟರ್ ಬಂದಿತ್ತು. ಟೈಪ್ ಮಾಡಿದ್ದು ತಾನಾಗಿ ಸೇವ್ ಆಗುತ್ತದೆ. ಯಾವ ಪ್ಯಾರಾವನ್ನು ಯಾರು ತಿದ್ದಿದರು ಎಂಬುದು ಹೆಸರಿನ ಸಮೇತ ‘ವರ್ಷನ್ ಹಿಸ್ಟರಿ’ಯಲ್ಲಿ ಉಳಿಯುತ್ತದೆ. ಅದರ ತಕರಾರುಗಳೂ ನನ್ನ ಮೇಜಿಗೇ ಬರುತ್ತಿದ್ದವು. ದಾಖಲೆ ತೆರೆಯುವುದಿಲ್ಲ ಎಂದರೆ ಬಹುತೇಕ ಅವರು ಮನೆಯ ಇಮೇಲ್‌ನಿಂದ ಲಾಗಿನ್ ಆಗಿರುತ್ತಿದ್ದರು. ‘ಸೇವಿಂಗ್’ ಎಂದು ತಿರುಗುತ್ತಲೇ ಇದ್ದರೆ ನೆಟ್ ಹೋಗಿರುತ್ತಿತ್ತು. ಅಕ್ಷರಗಳು ಒಂದರ ಮೇಲೊಂದು ಕುಳಿತರೆ ಬ್ರೌಸರ್ ಹಳೆಯದು. ನಾನು ಯಾವಾಗಲೂ ಒಂದೇ ಕ್ರಮದಲ್ಲಿ ನೋಡುತ್ತಿದ್ದೆ: ನೆಟ್, ಖಾತೆ, ಬ್ರೌಸರ್, ಅದಕ್ಕೆ ಅಂಟಿಸಿದ ಎಕ್ಸ್‌ಟೆನ್ಶನ್‌ಗಳೆಂಬ ಪುಟ್ಟ ಪ್ರೋಗ್ರಾಂಗಳು, ಕೊನೆಗೆ ದಾಖಲೆ. ಕ್ರಮ ತಪ್ಪಿಸಿ ಹಾರಿದವನಿಗೆ ಎರಡು ಸಲ ಕೆಲಸ.

ಆ ವರ್ಷದ ಬೇಸಿಗೆಯ ಒಂದು ಬುಧವಾರ ಟ್ಯಾಂಕ್ ತೊಳೆಯುವ ವಿಭಾಗದಲ್ಲಿ ಅವಘಡವಾಯಿತು. ಟ್ಯಾಂಕನ್ನು ಚರ್ಮ ಸುಡುವ ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಿಂದ ತೊಳೆದು, ಕೆಳಗಿನ ವಾಲ್ವ್ ತೆರೆದು ಅದನ್ನು ಡ್ರಮ್ಮಿಗೆ ಇಳಿಸಬೇಕು. ಛತ್ತೀಸ್‌ಗಢದಿಂದ ಹೊಸದಾಗಿ ಬಂದಿದ್ದ ಆಪರೇಟರ್ ರಾಮಪ್ರಸಾದ ಡ್ರಮ್ಮನ್ನು ತೊಳೆದು, ಒರೆಸಿ, ಗೋಡೆಯ ಪಕ್ಕ ನಿಲ್ಲಿಸಿ ವಾಲ್ವ್ ತೆರೆದ. ಕುದಿಯುವ ಕಾಸ್ಟಿಕ್ ನೆಲದ ಮೇಲೆ ಹರಿಯಿತು. ಗಮ್‌ಬೂಟ್ ಹಾಕಿದ್ದರಿಂದ ಅವನ ಕಾಲು ಉಳಿಯಿತು.

ಡ್ರಮ್ಮನ್ನು ವಾಲ್ವಿನ ಕೆಳಗೆ ಯಾಕಿಡಲಿಲ್ಲ ಎಂದು ಮೇಲ್ವಿಚಾರಕ ಬೈದಾಗ ಅವನು ಗೋಡೆಯ ಮೇಲಿನ ಹಾಳೆ ತೋರಿಸಿದ. “ಸಾಬ್, ಇಸ್‌ಮೇ ಲಿಖಾ ಹೈ, ಖಾಲೀ ರಖೋ. ಮೈನೇ ಬರೋಬರ್ ಖಾಲೀ ರಖಾ.” ಇದರಲ್ಲಿ ಖಾಲಿ ಇಡು ಎಂದಿದೆ, ಸರಿಯಾಗಿ ಖಾಲಿ ಇಟ್ಟೆ ಎಂದು.

ನಿಜಕ್ಕೂ ಹಾಗೆಯೇ ಇತ್ತು. ಅನುಮೋದನೆಯಾದ ಮೂಲ ಮರಾಠಿಯಲ್ಲಿತ್ತು: “ವಾಲ್ವ್ ಉಘಡಣ್ಯಾಪೂರ್ವೀ ಡ್ರಮ್ ಖಾಲೀ ಠೇವಾ.” ಮರಾಠಿಯಲ್ಲಿ ‘ಖಾಲೀ’ ಎಂದರೆ ಕೆಳಗೆ. ವಾಲ್ವ್ ತೆರೆಯುವ ಮೊದಲು ಡ್ರಮ್ಮನ್ನು ಕೆಳಗಿಡಿ ಎಂದರ್ಥ. ಆನ್‌ಲೈನ್ ದಾಖಲೆಯಿಂದ ಮುದ್ರಿಸಿ ಹಚ್ಚಿದ್ದ ಗೋಡೆಯ ಹಾಳೆಯಲ್ಲಿದ್ದದ್ದು ಹಿಂದಿ: “ವಾಲ್ವ್ ಖೋಲ್ನೇ ಸೇ ಪಹಲೇ ಡ್ರಮ್ ಖಾಲೀ ರಖೇಂ.” ಹಿಂದಿಯಲ್ಲಿ ‘ಖಾಲೀ’ ಎಂದರೆ ನಮ್ಮ ಕನ್ನಡದ ಖಾಲಿಯೇ. ಎರಡಕ್ಕೂ ಲಿಪಿ ಒಂದೇ. ನಾಗಪುರದಲ್ಲಿ ಜನ ಒಂದು ವಾಕ್ಯವನ್ನು ಮರಾಠಿಯಲ್ಲಿ ಶುರುಮಾಡಿ ಹಿಂದಿಯಲ್ಲಿ ಮುಗಿಸುತ್ತಾರೆ. ದಾಖಲೆಯ ನಡುವೆ ಒಂದು ಪ್ಯಾರಾ ಭಾಷೆ ಬದಲಿಸಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಹಳೆಯ ಕೆಲಸಗಾರರಂತೂ ಅದನ್ನು ಓದುತ್ತಲೇ ಇರಲಿಲ್ಲ. ಹೊಸಬ ಓದಿದ, ಓದಿದಂತೆ ಮಾಡಿದ.

ಪ್ಲಾಂಟ್ ಮ್ಯಾನೇಜರ್ ವಾನಖೇಡೆ ಸಾಹೇಬರು ವರ್ಷನ್ ಹಿಸ್ಟರಿ ತೆರೆದರು. ಆ ಪ್ಯಾರಾದ ಪಕ್ಕದಲ್ಲಿ ಇದ್ದದ್ದು ಒಂದೇ ಹೆಸರು, ಸುನಂದಾ. ಆಕೆ ತರಬೇತಿ ಸಹಾಯಕಿ. ಬಾಗಲಕೋಟೆ ಕಡೆಯವಳು, ಗಂಡನಿಗೆ ರೈಲ್ವೆಯಲ್ಲಿ ವರ್ಗವಾದ ಮೇಲೆ ನಾಗಪುರಕ್ಕೆ ಬಂದವಳು. ಇನ್ನೂ ಪ್ರೊಬೇಶನ್‌ನಲ್ಲಿದ್ದಳು. ಮರುದಿನ ಬೆಳಗಿನ ಸಭೆಯಲ್ಲಿ ಎಲ್ಲರೆದುರು ಆಕೆಯ ಕೈಗೆ ಮೆಮೊ ಬಂತು: ಅನುಮತಿಯಿಲ್ಲದೆ ಸುರಕ್ಷತಾ ಸೂಚನೆ ತಿದ್ದಿದ್ದಕ್ಕೆ ಕೆಲಸದಿಂದ ಯಾಕೆ ತೆಗೆಯಬಾರದು, ಶನಿವಾರದೊಳಗೆ ಉತ್ತರಿಸಿ.

ನನ್ನನ್ನು ಕಾಕಾ ಎಂದೇ ಕರೆಯುವ ಸಾಹೇಬರ ತರ್ಕ ಸರಳವಾಗಿತ್ತು. “ಕಾಕಾ, ಬಾಯಿ ಕಾನಡೀ ಆಹೇ. ಖಾಲೀ ಅಂದರೆ ರಿಕಾಮಾ ಅಂತ ತಿಳಿದು ಹಿಂದಿ ಮಾಡಿ ಹಾಕಿದ್ದಾಳೆ. ವಿಷಯ ಸಂಪಲಾ.” ಆಕೆ ಕನ್ನಡದವಳು, ಅದಕ್ಕೇ ಖಾಲೀ ಎಂದರೆ ಬರಿದು ಎಂದುಕೊಂಡಳು, ವಿಷಯ ಮುಗಿಯಿತು ಎಂದು.

ನಾನು ಸುನಂದಾಳನ್ನು ಕರೆದು ಕೇಳಿದೆ.

“ನಾ ಅದನ್ನ ತಗದು ಓದಿದ್ದು ಖರೆ ಸರ್. ತಿದ್ದಿಲ್ರಿ. ಒಂದು ಅಕ್ಷರ ಸುದ್ದಾ ಮುಟ್ಟಿಲ್ಲ.”

“ಹಾಗಾದರೆ ನಿಮ್ಮ ಹೆಸರು ಯಾಕೆ ಬಂತು?”

“ಅದ ನನಗೂ ತಿಳೀವಲ್ತು. ಮನ್ಯಾಗ ಇವರೂ ಅದನ್ನ ಕೇಳ್ಯಾರ. ನೀನ ಮಾಡಿರಬೇಕು, ನೆನಪಿಲ್ಲ ಅಂತಾರ. ನಾ ಏನು ನಿದ್ದಿಗಣ್ಣಾಗ ಟೈಪ್ ಮಾಡ್ತೀನೇನ್ರಿ?”

ಆಕೆ ಅಳಲಿಲ್ಲ, ಸಿಟ್ಟಿನಿಂದಲೇ ಹೇಳಿದಳು. ಆ ಸಿಟ್ಟು ನನಗೆ ಹಿಡಿಸಿತು. ಜೊತೆಗೆ ಸಾಹೇಬರ ತರ್ಕದಲ್ಲಿ ಒಂದು ತೂತು ಕಾಣಿಸಿತು. ಆಕೆ ‘ಖಾಲೀ’ಯನ್ನು ಬರಿದು ಎಂದೇ ಓದಿದ್ದರೆ ವಾಕ್ಯ ಆಕೆಗೆ ಸರಿಯಾಗಿಯೇ ಕಾಣಬೇಕಿತ್ತು. ತಿದ್ದುವ ಗೊಡವೆ ಯಾಕೆ? ತಪ್ಪು ಕಂಡವರು ತಪ್ಪೆನಿಸಿದ ಪದವನ್ನು ಬದಲಿಸುತ್ತಾರೆ. ಇಲ್ಲಿ ‘ಖಾಲೀ’ ಇದ್ದಲ್ಲೇ ಕುಳಿತಿತ್ತು, ಸುತ್ತಲಿನದೆಲ್ಲ ಬದಲಾಗಿತ್ತು. ಇದು ಮನುಷ್ಯ ತಿದ್ದುವ ರೀತಿ ಅಲ್ಲ.

ಕಂಪ್ಯೂಟರ್ ನೋಡಿಕೊಳ್ಳುವ ಗುತ್ತಿಗೆದಾರನಿಗೆ ಫೋನ್ ಮಾಡಿದೆ. ಅವನ ಬಳಿ ಎಲ್ಲ ರೋಗಕ್ಕೂ ಒಂದೇ ಮಾತ್ರೆ. “ಕ್ಯಾಶ್ ಕ್ಲಿಯರ್ ಕರಾ, ಬ್ರೌಸರ್ ರೀಸೆಟ್ ಕರಾ, ಹೋ ಜಾಯೇಗಾ.” ಬ್ರೌಸರ್ ಕೂಡಿಟ್ಟದ್ದನ್ನೆಲ್ಲ ಅಳಿಸಿ ಹೊಸದರಂತೆ ಮಾಡಿ, ಸರಿಹೋಗುತ್ತದೆ ಎಂದು. ಬೇರೆ ದಿನವಾಗಿದ್ದರೆ ಹೂಂ ಅನ್ನುತ್ತಿದ್ದೆ. ಈ ಸಲ ಬೇಡವೆಂದೆ. ತೊಂದರೆ ಆಕೆಯ ಬ್ರೌಸರ್‌ನಲ್ಲಿದ್ದರೆ ರೀಸೆಟ್ ಮಾಡಿದ ಕೂಡಲೇ ಅದು ಹೋಗುತ್ತದೆ. ತೊಂದರೆ ಹೋದರೆ ಪುರಾವೆಯೂ ಹೋಗುತ್ತದೆ, ಆರೋಪ ಮಾತ್ರ ಉಳಿಯುತ್ತದೆ. ಸುನಂದಾಳ ಕಂಪ್ಯೂಟರನ್ನು ಯಾರೂ ಮುಟ್ಟಕೂಡದು ಎಂದು ಚೀಟಿ ಬರೆದು ಪರದೆಗೆ ಅಂಟಿಸಿದೆ.

ಆಮೇಲೆ ನನ್ನ ಕ್ರಮ ಹಿಡಿದೆ. ಮೂಲವನ್ನು ಮುಟ್ಟದೆ, ವರ್ಷನ್ ಹಿಸ್ಟರಿಯಲ್ಲಿದ್ದ ಹಳೆಯ ಮರಾಠಿ ಪಠ್ಯದ ಒಂದು ನಕಲು ಮಾಡಿಕೊಂಡೆ. ನೆಟ್ ಸರಿಯಾಗಿತ್ತು. ಖಾತೆಯದು ಮುಂದಿನ ಸರದಿ. ಸುನಂದಾಳ ಖಾತೆಯಿಂದಲೇ ನನ್ನ ಕಂಪ್ಯೂಟರ್‌ನಲ್ಲಿ ನಕಲನ್ನು ತೆರೆದೆ. ಏನೂ ಆಗಲಿಲ್ಲ. ಅಂದರೆ ದೋಷ ಖಾತೆಯದಲ್ಲ. ಈಗ ಆಕೆಯ ಕಂಪ್ಯೂಟರ್‌ನಲ್ಲಿ ತೆರೆದು, ಡ್ರಮ್ಮಿನ ಪ್ಯಾರಾದ ಮೇಲೆ ಒಂದು ಕ್ಲಿಕ್ ಮಾಡಿ ಕೈ ತೆಗೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಕ್ಷರಗಳು ಒಮ್ಮೆ ನಡುಗಿದಂತಾದವು. ‘ಠೇವಾ’ ಇದ್ದಲ್ಲಿ ‘ರಖೇಂ’ ಬಂತು. ಮೇಲ್ಗಡೆ ‘ಸೇವಿಂಗ್’ ಎಂದು ಕಂಡು ಮಾಯವಾಯಿತು.

“ಅಯ್ಯಯ್ಯ, ನೋಡ್ರಿ ಅದು!” ಎಂದಳು ಸುನಂದಾ.

ಮುಂದಿನ ಮೆಟ್ಟಿಲು ಎಕ್ಸ್‌ಟೆನ್ಶನ್‌ಗಳು. ಬ್ರೌಸರ್‌ನ ‘ಪ್ರೈವೇಟ್ ವಿಂಡೊ’ದಲ್ಲಿ ಇವು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಅಲ್ಲಿ ತೆರೆದಾಗ ಪಠ್ಯ ಮರಾಠಿಯಲ್ಲೇ ಉಳಿಯಿತು. ಮಾಮೂಲಿ ವಿಂಡೊಗೆ ಮರಳಿ ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ ಆಫ್ ಮಾಡುತ್ತ ಬಂದೆ. ಅನುವಾದದ ಒಂದು ಎಕ್ಸ್‌ಟೆನ್ಶನ್ ಆಫ್ ಮಾಡಿದಾಗ ನಡುಕ ನಿಂತಿತು. ಸರ್ಕಾರಿ ಸುತ್ತೋಲೆಗಳ ಬಿಗಿಯಾದ ಮರಾಠಿ ತಿಳಿಯದೆ, ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ಓದಿಕೊಳ್ಳಲು ಆಕೆ ಅದನ್ನು ಹಾಕಿಕೊಂಡಿದ್ದಳು. ‘ಯಾವಾಗಲೂ ಅನುವಾದಿಸು’ ಎಂಬುದಕ್ಕೆ ಒಪ್ಪಿಗೆ ಕೊಟ್ಟಿದ್ದಳು. ಅದು ಸುತ್ತೋಲೆಗೂ ಎಸ್‌ಒಪಿಗೂ ಭೇದ ಮಾಡಲಿಲ್ಲ, ‘ಖಾಲೀ’ಯನ್ನು ಹಿಂದಿಯ ಪದವೆಂದೇ ತಿಳಿದು ಹಾಗೇ ಬಿಟ್ಟಿತು. ನಮ್ಮ ಎಡಿಟರ್ ಕರ್ಸರ್ ನಿಂತ ಪ್ಯಾರಾದಲ್ಲಿ ಏನೇ ಬದಲಾದರೂ ಅದನ್ನು ಮನುಷ್ಯನೇ ಟೈಪ್ ಮಾಡಿದ್ದೆಂದು ತಿಳಿದು ಉಳಿಸುತ್ತಿತ್ತು, ಲಾಗಿನ್ ಆದವರ ಹೆಸರು ಬರೆಯುತ್ತಿತ್ತು. ಹುಡುಕಿದಾಗ ಹಿಂದಿಯಾದ ಇನ್ನೂ ಕೆಲವು ಪ್ಯಾರಾಗಳು ಸಿಕ್ಕವು. ಅವುಗಳಲ್ಲಿ ಅರ್ಥ ಕೆಟ್ಟಿರಲಿಲ್ಲ.

“ಹಂಗಾರ ತಪ್ಪು ನಂದ ಆತಲ್ರಿ” ಎಂದಳು ಸುನಂದಾ. ಮುಖ ಸಣ್ಣದಾಗಿತ್ತು.

“ಓದಲು ಅನುಕೂಲ ಮಾಡಿಕೊಂಡಿದ್ದು ನಿಮ್ಮದು. ಮೆಮೊದಲ್ಲಿ ಇರುವುದು ತಿದ್ದಿದಿರಿ ಅಂತ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ” ಎಂದು ಎಕ್ಸ್‌ಟೆನ್ಶನ್ ಮತ್ತೆ ಹಚ್ಚಿ, ಸಾಹೇಬರನ್ನು ಕರೆಯಲು ಹೋದೆ.

ವಿವರಿಸುತ್ತ ಕುಳಿತಿದ್ದರೆ ಅವರು ಕೇಳುತ್ತಿರಲಿಲ್ಲ. ವಾನಖೇಡೆಯವರು ಕೆಟ್ಟವರಲ್ಲ, ಅವಸರದವರು. ಅವರನ್ನು ಸುನಂದಾಳ ಕುರ್ಚಿಯಲ್ಲಿ ಕೂರಿಸಿ, ಅವರದೇ ಖಾತೆಯಿಂದ ಲಾಗಿನ್ ಆಗಲು ಹೇಳಿ, ಮರಾಠಿಯ ಹೊಸ ನಕಲೊಂದನ್ನು ತೆರೆಸಿದೆ.

“ಡ್ರಮ್ಮಿನ ಪ್ಯಾರಾ ಮೇಲೆ ಒಂದೇ ಕ್ಲಿಕ್ ಮಾಡಿ. ಆಮೇಲೆ ಎರಡೂ ಕೈ ಮಡಿಲಲ್ಲಿ.”

“ಕಾಯ್ ಕಾಕಾ, ಶಾಳಾ ಸುರೂ ಕೇಲೀ ಕಾ?” ಶಾಲೆ ಶುರುಮಾಡಿದಿರಾ ಎಂದು ನಗುತ್ತಲೇ ಕ್ಲಿಕ್ ಮಾಡಿ ಕೈ ಕಟ್ಟಿ ಕುಳಿತರು. ಅಕ್ಷರಗಳು ನಡುಗಿದವು. ನಗು ನಿಂತಿತು. ವರ್ಷನ್ ಹಿಸ್ಟರಿ ತೆರೆಯಿರಿ ಎಂದೆ. ಪ್ಯಾರಾದ ಪಕ್ಕದಲ್ಲಿ ಅವರದೇ ಹೆಸರು ಇತ್ತು.

“ಸಾಹೇಬ್, ಈಗ ಮೆಮೊ ಯಾರ ಹೆಸರಿಗೆ ಟೈಪ್ ಮಾಡಿಸಲಿ?” ಎಂದು ಕೇಳಿದೆ.

ಸುನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು. ಸಾಹೇಬರು ಪರದೆಯನ್ನು ಇನ್ನೊಮ್ಮೆ ಓದಿ, “ಆಯ್ಲಾ!” ಎಂದರು. ಆದರೂ ಸುಲಭಕ್ಕೆ ಬಿಡುವವರಲ್ಲ. “ಪಣ್ ಕಾಕಾ, ಆ ಎಕ್ಸ್‌ಟೆನ್ಶನ್ ಹಾಕಿದ್ದು ಇವರೇ ತಾನೇ?”

“ಹೌದು. ಅನುಮೋದನೆಯಾದ ಎಸ್‌ಒಪಿಗೆ ಎಲ್ಲರಿಗೂ ತಿದ್ದುವ ಹಕ್ಕು ಕೊಟ್ಟವರು ಯಾರು?”

 ಯಾರೆಂದು ಇಬ್ಬರಿಗೂ ಗೊತ್ತಿತ್ತು. ನಾನು ಸೇರುವ ಮೊದಲೇ, ದಿನವೂ ಅನುಮತಿ ಕೇಳಿ ಬರುವ ಇಮೇಲ್‌ಗಳಿಂದ ಬೇಸತ್ತು, ಇಡೀ ಫೋಲ್ಡರನ್ನು ‘ಯಾರು ಬೇಕಾದರೂ ತಿದ್ದಬಹುದು’ ಎಂದು ಸಾಹೇಬರೇ ತೆರೆದಿಟ್ಟಿದ್ದರು. ಓದುವ ಹಕ್ಕು ಮಾತ್ರ ಇದ್ದಿದ್ದರೆ ಆ ಎಕ್ಸ್‌ಟೆನ್ಶನ್ ದಿನಕ್ಕೆ ನೂರು ಸಲ ಅನುವಾದಿಸಿದರೂ ಮೂಲದ ಒಂದು ಚುಕ್ಕೆಯೂ ಅಲುಗುತ್ತಿರಲಿಲ್ಲ. ಸೇರಿದ ಮೇಲೆ ಅದನ್ನು ಮುಚ್ಚಿಸಲು ನಾನು ಕೊಟ್ಟ ಸೂಚನೆ ‘ಪುಢಚ್ಯಾ ಮಹಿನ್ಯಾತ್’ ಎಂದು, ಮುಂದಿನ ತಿಂಗಳಿಗೆ, ಮುಂದೆ ಹೋಗುತ್ತಲೇ ಬಂದಿತ್ತು.

“ಠೀಕ್ ಆಹೇ. ಮೆಮೊ ಬಿಟ್ಟುಬಿಡಿ ಅಂತ ಅವರಿಗೆ ಹೇಳಿ” ಎಂದು ಎದ್ದರು. ಆಕೆ ಅಲ್ಲೇ ಎರಡು ಹೆಜ್ಜೆ ದೂರದಲ್ಲಿದ್ದಳು.

ನಾನು ದಾರಿ ಬಿಡಲಿಲ್ಲ. “ಕೊಟ್ಟದ್ದು ಕಾಗದದಲ್ಲಿ, ಸಭೆಯಲ್ಲಿ. ಹಿಂದೆ ತೆಗೆದುಕೊಳ್ಳುವುದೂ ಕಾಗದದಲ್ಲಿ, ಸಭೆಯಲ್ಲಿ. ಇಲ್ಲದಿದ್ದರೆ ಹಿಂದೆ ತೆಗೆದುಕೊಂಡಿದ್ದು ಇಲ್ಲಿರುವ ಮೂವರಿಗೆ ಮಾತ್ರ ಗೊತ್ತಾಗುತ್ತದೆ.”

ಶನಿವಾರ ಬೆಳಿಗ್ಗೆ ಅವರು ಅದನ್ನು ಓದಿದರು. ಗಟ್ಟಿಯಾಗಿ, ಮರಾಠಿಯಲ್ಲಿ, ಫೋಲ್ಡರ್ ತೆರೆದಿಟ್ಟವರು ಯಾರು ಎಂಬುದನ್ನೂ ಸೇರಿಸಿ. ಆ ಕೊನೆಯ ಭಾಗವನ್ನು ನಾನು ಕೇಳಿರಲಿಲ್ಲ. ಅದು ಅವರ ದೊಡ್ಡತನ.

ಅದೇ ದಿನ ದಾಖಲೆಗಳಿಗೆ ಬೀಗ ಬಿತ್ತು. ಡ್ರಮ್ಮಿನ ಸಾಲಿನಿಂದ ‘ಖಾಲೀ’ ತೆಗೆದು, ವಾಲ್ವಿನ ಬಾಯಿಯ ಕೆಳಗೆ ಡ್ರಮ್ ನಿಂತಿರುವ ಚಿತ್ರ ಹಾಕಿದೆವು. ರಾಮಪ್ರಸಾದನಿಗೂ, ಮರಾಠಿಯವರಿಗೂ, ಓದದೆಯೇ ಕೆಲಸ ಮಾಡುವವರಿಗೂ ಅದೊಂದೇ ಭಾಷೆ. ತಿದ್ದುವ ಹಕ್ಕು ಇಬ್ಬರಿಗೆ ಸಾಕೆಂದು ತೀರ್ಮಾನವಾಯಿತು. ಸುನಂದಾ ನನ್ನ ಮೇಜಿನ ಬಳಿ ಬಂದು, “ಸರ್, ನನ್ನ ಹೆಸರು ತಗದುಬಿಡ್ರಿ. ನನಗ ಓದೂದಷ್ಟ ಸಾಕು” ಎಂದಳು. ಆಕೆ ಹೇಳುವ ಮೊದಲೇ ಇಬ್ಬರ ಹೆಸರು ಬರೆದಾಗಿತ್ತು. ಒಂದು ನನ್ನದು, ಇನ್ನೊಂದು ಆಕೆಯದು.

ವಾನಖೇಡೆಯವರು ಅದನ್ನು ನೋಡಿ ಹುಬ್ಬೇರಿಸಿದರು. “ಪುನ್ಹಾ ತ್ಯಾಚ್?” ಮತ್ತೆ ಅವರೇ?

“ಈ ಕಾರ್ಖಾನೆಯಲ್ಲಿ ಕ್ಲಿಕ್ ಮಾಡಿದ ಮೇಲೆ ಪರದೆಯನ್ನು ನೋಡುವವರು ಇನ್ನು ಮುಂದೆ ಅವರೊಬ್ಬರೇ” ಎಂದೆ. ಅವರು ಸಹಿ ಹಾಕಿದರು.

ದಾಖಲೆಯಲ್ಲಿ ಹೆಸರು ಕಂಡರೆ ಅದು ಯಾರ ಖಾತೆ ಎಂದಷ್ಟೇ ತಿಳಿಯುತ್ತದೆ. ಯಾರ ಕೈ ಎಂಬುದು ಬೇರೆ ಪ್ರಶ್ನೆ. ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು, ಅದೂ ಪುರಾವೆಯನ್ನು ಒರೆಸಿ ಹಾಕುವ ಮೊದಲು. ವೃತ್ತಿ ನನಗೆ ಕಲಿಸಿದ್ದು ಇದು. ಸುನಂದಾ ಈಗ ಆ ಕಾರ್ಖಾನೆಯ ದಾಖಲೆ ನಿಯಂತ್ರಣದ ಮುಖ್ಯಸ್ಥೆ. ಅಲ್ಲಿ ಯಾರ ಹೆಸರಿಗೇ ಮೆಮೊ ಹೊರಡುವುದಿದ್ದರೂ ಆಕೆ ಮೊದಲು ಹೋಗಿ ಅವರ ಕುರ್ಚಿಯಲ್ಲಿ ಕೂರುತ್ತಾಳೆ, ಒಂದು ಕ್ಲಿಕ್ ಮಾಡುತ್ತಾಳೆ, ಕೈ ಕಟ್ಟಿ ಕಾಯುತ್ತಾಳೆ.