ಆಹೇರ ಬೇಡವೆಂದ ವರ್ಷ

ಬೀದರಿನಲ್ಲಿ ನಾವು ಬಾಡಿಗೆ ಮನೆ ಬದಲಿಸಿದ್ದು ಯುಗಾದಿಗೆ ಮುಂಚಿನ ಭಾನುವಾರ. ಹಳೆಯ ಮನೆಗೂ ಹೊಸದಕ್ಕೂ ನಡುವೆ ಮೂರು ಓಣಿ. ಸಾಮಾನೆಲ್ಲ ಎರಡು ಸಲಕ್ಕೆ ಮುಗಿಯುತ್ತದೆ ಎಂದು ಅಪ್ಪ ಟೆಂಪೊದವನಿಗೆ ಹೇಳಿದ್ದರು. ನಾಲ್ಕನೆಯ ಸಲ ತುಂಬುವಾಗ ಅವನು ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಸರ್, ಭಾಂಡಿ ಅಂಗಡಿ ಬಂದ್ ಮಾಡ್ಲತ್ತೀರೇನ್ರಿ?" ಎಂದು ಕೇಳಿದ. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ಇಂಥ ಮಾತಿಗೆ ಮೊದಲು ನಗುವವರು ಅವರೇ. ಅಂದು ನಗಲಿಲ್ಲ.

ಟೆಂಪೊ ಏರಿದ್ದರಲ್ಲಿ ಅರ್ಧದಷ್ಟು ಗಂಟುಗಳು ಹಿಂದಿನ ಸಲ ಮನೆ ಬದಲಿಸಿದಾಗ ಕಟ್ಟಿದ ಹಗ್ಗದಲ್ಲೇ ಇದ್ದವು. ಐದು ವರ್ಷ ಯಾರೂ ಬಿಚ್ಚಿರಲಿಲ್ಲ. ಅವೆಲ್ಲ ಆಹೇರದ ಸಾಮಾನು. ನಮ್ಮ ಕಡೆ ಮದುವೆಯಿರಲಿ, ವಾಸ್ತುವಿರಲಿ, ಬಸುರಿಗೆ ಮಾಡುವ ಕುಬಸವಿರಲಿ, ಬಂದವರು ಬಟ್ಟೆಯನ್ನೋ ಪಾತ್ರೆಯನ್ನೋ ಕೊಡುತ್ತಾರೆ. ಅವರ ಮನೆಯ ಕಾರ್ಯಕ್ಕೆ ನಾವು ಅಂಥದೇ ಒಯ್ಯಬೇಕು. ಪಾತ್ರೆಯ ಕಂಠದ ಮೇಲೆ ಕೊಟ್ಟವರ ಹೆಸರು ಕೊರೆದಿರುತ್ತದೆಯಾದ್ದರಿಂದ ಅದನ್ನು ಮತ್ತೊಬ್ಬರಿಗೆ ದಾಟಿಸುವಂತಿಲ್ಲ. ಬಳಸಲು ನಮ್ಮಲ್ಲಿ ಮೊದಲೇ ಬೇಕಾದಷ್ಟಿವೆ. ಹೀಗಾಗಿ ಅವು ಮನೆಯಿಂದ ಮನೆಗೆ ನಮ್ಮ ಜೊತೆ ಬರುತ್ತಲೇ ಇದ್ದವು.

ಅಂದು ಸಂಜೆ ಅಪ್ಪ ನನಗೆ, "ಎಲ್ಲಾ ಬರಕೋ" ಎಂದರು. ನನಗೆ ಹೇಳಿದ್ದಕ್ಕೆ ಕಾರಣವಿದೆ. ಹತ್ತನೆಯ ತರಗತಿಯಿಂದ ಡೈರಿ ಬರೆಯುತ್ತಿದ್ದೇನೆ. ಈಗ ಡಿಗ್ರಿಯ ಕೊನೆಯ ವರ್ಷ, ದಿನಾಂಕ ಹಾಕದೆ ಒಂದು ಸಾಲೂ ಬರೆದವಳಲ್ಲ. ನೆಲದ ಮೇಲೆ ಕೂತು ಎಣಿಸಿದೆ: ಸ್ಟೀಲ್ ಕೊಡ ಒಂಬತ್ತು, ಡಬ್ಬಿ ಮೂವತ್ತೆಂಟು, ಟವೆಲು ಟೊಪ್ಪಿಗೆ ಒಂದು ಟ್ರಂಕು, ರವಿಕೆಯ ಖಣ ಎರಡು ಚೀಲ, ಗೋಡೆ ಗಡಿಯಾರ ಏಳು. ಏಳರಲ್ಲಿ ಒಂದೂ ನಡೆಯುತ್ತಿರಲಿಲ್ಲ.

ಅವ್ವನ ಕಪಾಟಿಗೆ ಬಂದಾಗ ಆಕೆ ಬಾಗಿಲಿಗೆ ಅಡ್ಡ ನಿಂತಳು. "ನನ್ನ ಸೀರಿ ಎಣಸಬ್ಯಾಡ."

"ಎಷ್ಟವ ಅಂತ ಬರ್ಕೋತೀನಿ ಅಷ್ಟೇ."

"ಹದಿನಾಲ್ಕು ಅವ. ಎಲ್ಲಾ ನಿಮ್ಮ ಮಾಮಾ ತಂದಿದ್ದು. ಬರ್ಕೊ, ಹೋಗು."

ಅದು ನಿಜ. ಅವ್ವ ತಾನಾಗಿ ಒಂದು ಸೀರೆ ಕೊಂಡದ್ದನ್ನು ನಾನು ಕಂಡಿಲ್ಲ. ಆಕೆಯ ತಮ್ಮ, ಔರಾದಿನ ನನ್ನ ಮಾಮಾ, ಪ್ರತಿ ದೀಪಾವಳಿಯ ಭಾವುಬೀಜಕ್ಕೆ ಬಸ್ಸು ಹಿಡಿದು ಬರುತ್ತಾನೆ. ಅವ್ವ ಮಣೆ ಹಾಕಿ ಕೂಡಿಸಿ ಆರತಿ ಬೆಳಗುತ್ತಾಳೆ, ಅವನು ತಟ್ಟೆಯಲ್ಲಿ ಸೀರೆ ಇಡುತ್ತಾನೆ. ಅವ್ವ ವರ್ಷವಿಡೀ ಉಡುವುದು ಅವನ್ನೇ. ಹರಿದದ್ದು ಹೊದೆಯಲು ಹೊಲಿಯುವ ಕೌದಿಗೆ ಹೋಗುತ್ತದೆ.

ಯುಗಾದಿಯ ದಿನ ಅಪ್ಪ ಲಿಂಗಪೂಜೆ ಮುಗಿಸಿ ಬಂದು ನಿಯಮ ಹೇಳಿದರು. ಇನ್ನು ಮೇಲೆ ಆಹೇರ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ. ತಿನ್ನುವುದು, ಔಷಧ, ಪುಸ್ತಕ ಬಿಟ್ಟು ಬೇರೇನೂ ಹೊಸದಾಗಿ ಮನೆಯೊಳಗೆ ಬರುವಂತಿಲ್ಲ. ತೀರಾ ಅಗತ್ಯವಿದ್ದರೆ ಒಂದು ಹೊರಗೆ ಹೋಗಿ ಒಂದು ಒಳಗೆ ಬರಬೇಕು. ನನಗೆ ಬಹಳ ಇಷ್ಟವಾಯಿತು. ಅವ್ವ ಹೋಳಿಗೆ ಬಡಿಸುತ್ತಿದ್ದವಳು, "ಹೂಂ" ಎಂದಳು. ಪಾತ್ರೆಗಳನ್ನು ಮಠದ ದಾಸೋಹದ ಅಡುಗೆಮನೆಗೆ ಕೊಟ್ಟೆವು. ಬಂಧುಗಳಿಗೆಲ್ಲ ಅಪ್ಪನೇ ಫೋನು ಮಾಡಿ ತಿಳಿಸಿದರು.

ಮೊದಲ ಪರೀಕ್ಷೆ ಮೇ ತಿಂಗಳಲ್ಲಿ, ಭಾಲ್ಕಿಯಲ್ಲಿ, ಅಪ್ಪನ ಅಕ್ಕನ ಹೊಸ ಮನೆಯ ವಾಸ್ತು. ನಾವು ಬರಿಗೈಯಲ್ಲಿ ಹೋದೆವು. ಹಾಗೆಂದು ಸುಮ್ಮನೆ ಕೂತವರಲ್ಲ. ಅವ್ವ ಒಲೆಯ ಮುಂದಿದ್ದಳು, ಅಪ್ಪ ಮತ್ತು ನಾನು ಬೆಳಗಿನಿಂದ ಬಡಿಸಿದೆವು. ಊಟ ಮುಗಿದ ಮೇಲೆ ಆಹೇರ ಶುರುವಾಯಿತು. ಒಬ್ಬರು ಮೈಕು ಹಿಡಿದು ಯಾರ ಮನೆಯಿಂದ ಏನು ಬಂತು ಎಂದು ಕೂಗುತ್ತ ಹೋದರು. ಒಡಹುಟ್ಟಿದ ತಮ್ಮನದು ಮೊದಲು ಬರಬೇಕು. ಮೈಕಿನವರು ಅಪ್ಪನ ಮುಖ ನೋಡಿದರು, ಅಪ್ಪ ಕೈಯಲ್ಲಿದ್ದ ಸಾರಿನ ಬಕೆಟ್ಟು ನೋಡಿದರು. ಅತ್ತೆ ಕುರ್ಚಿಯಿಂದಲೇ ಹೇಳಿದರು, "ಮುಂದಿನೋರ ಹೆಸರು ಹೇಳ್ರಿ. ನನ್ನ ತಮ್ಮ ಸನ್ಯಾಸ ತೊಗೊಂಡಾನ." ಎಲ್ಲರೂ ನಕ್ಕರು. ಅತ್ತೆ ಅಪ್ಪನ ಕಡೆ ತಿರುಗಿ, "ಊಟಾದ್ರೂ ಮಾಡ್ತಿಯೇನೋ ತಮ್ಮಾ, ಅದನೂ ಬಿಟ್ಟಿಯೋ?" ಎಂದರು.

"ನೀ ಬಡಸಿದ್ರ ಮಾಡ್ತೇನಕ್ಕಾ."

ಅತ್ತೆ ಬಡಿಸಿದರು. ಹೊರಡುವಾಗ ಅವ್ವನ ಕೈಗೆ ಒಂದು ಸೀರೆಯ ಪೊಟ್ಟಣ ಇಟ್ಟರು. ಅಪ್ಪ ಅದನ್ನು ಅವ್ವನ ಕೈಯಿಂದ ತೆಗೆದು ಮೆಲ್ಲಗೆ ಕಟ್ಟೆಯ ಮೇಲಿಟ್ಟರು. ಡೈರಿಯಲ್ಲಿ ಬರೆದೆ: ಕೊಟ್ಟದ್ದು ಇಲ್ಲ, ತಂದದ್ದು ಇಲ್ಲ.

ಮನೆ ಖಾಲಿಯಾದ ಮೇಲೆ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ನನಗೆ ಎಲ್ಲಿ ಹೋದರೂ ಎಣಿಸುವ ಚಟ ಹತ್ತಿತು. ಗೆಳತಿಯ ಮನೆಯಲ್ಲಿ ಚಹಾ ಕುಡಿಯುತ್ತ ಅವರ ಕುರ್ಚಿಗಳನ್ನು ಎಣಿಸಿದೆ. ಬಸ್ಸಿನಲ್ಲಿ ಎದುರಿನವರ ಚೀಲಗಳನ್ನು ಎಣಿಸಿದೆ. ಮೊಬೈಲಿನಲ್ಲಿ ಚಪ್ಪಲಿಗಳ ಚಿತ್ರ ನೋಡುವುದು, ಮುಚ್ಚುವುದು, ಮತ್ತೆ ತೆರೆಯುವುದು. ಅಪ್ಪ ಇದ್ದ ನಾಲ್ಕು ಪುಸ್ತಕಗಳನ್ನೇ ಈ ಗೂಡಿನಿಂದ ಆ ಗೂಡಿಗೆ ಇಡುತ್ತಿದ್ದರು. ಅವ್ವ ಮಾತ್ರ ದಸರೆಯ ನಂತರ ಕಪಾಟಿನ ಮುಂದೆ ಹೆಚ್ಚು ಹೊತ್ತು ನಿಲ್ಲತೊಡಗಿದಳು. ಮಡಚಿಟ್ಟ ಸೀರೆ ಬಿಚ್ಚಿ ಮತ್ತೆ ಮಡಚುತ್ತಿದ್ದಳು.

ದೀಪಾವಳಿಗೆ ವಾರವಿರುವಾಗ ಮಾಮಾನ ಫೋನು ಬಂತು. ಅವ್ವ ಹಿಟ್ಟಿನ ಕೈಯಲ್ಲಿದ್ದುದರಿಂದ ನಾನು ಸ್ಪೀಕರಿಗೆ ಹಾಕಿದೆ.

"ಈ ಸಲ ಬರೋದಾಗಲ್ಲಕ್ಕಾ. ಕುರಿ ಬಿಟ್ಟು ಬರೋಹಂಗಿಲ್ಲ."

"ಹೋದ ವರ್ಷ ಕುರಿ ಇದ್ದಿಲ್ಲೇನೋ?"

"ಇದ್ವು." ಅವನ ಬೆನ್ನ ಹಿಂದೆ ಕುರಿಯೊಂದು ಅರಚಿತು. "ಖಾಲಿ ಕೈಲೆ ಅಕ್ಕನ ಮನಿಗಿ ಹ್ಯಾಂಗ ಬರ್ಲಿ? ಆರತಿ ತಟ್ಯಾಗ ಏನ್ ಇಡ್ಲಿ, ನನ್ನ ಮಾರಿ ಇಡ್ಲೇನು?"

ಅವ್ವ ನಗಲು ನೋಡಿದಳು. ಆಗಲಿಲ್ಲ. "ಕುರಿ ನೋಡ್ಕೋ" ಎಂದಳು.

ಆ ಸಂಜೆ ನಾನು ಅಪ್ಪನ ಜೊತೆ ವಾದಕ್ಕಿಳಿದೆ. ಮಾಮಾ ತರುವುದು ವರ್ಷಕ್ಕೊಂದು ಸೀರೆ, ಅದು ಟ್ರಂಕು ಸೇರುವುದಿಲ್ಲ, ಮೈಮೇಲೆ ಸವೆಯುತ್ತದೆ ಎಂದೆ. ಅಪ್ಪನಿಗೆ ಅದು ಗೊತ್ತಿರಲಿಲ್ಲವೆಂದಲ್ಲ. "ನನ್ನ ಅಕ್ಕನ ಸೀರಿ ನನ್ನ ಕೈಲೆ ಕಟ್ಟಿ ಮ್ಯಾಲಿಟ್ಟು ಬಂದೀನಿ. ಈಗ ನಿಮ್ಮ ಮಾಮಾನ್ದು ತೊಗೊಂಡ್ರ ಭಾಲ್ಕಿಗಿ ಏನಂತ ಹೇಳ್ಲಿ?" ಎಂದರು. ಇಬ್ಬರೂ ಅವ್ವನ ಕಡೆ ನೋಡಿದೆವು. ಆಕೆ ತೊಗರಿಬೇಳೆ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. ಮದುವೆಯಾದ ಮೇಲೆ ಭಾವುಬೀಜಕ್ಕೆ ತಮ್ಮ ಬಾರದ ವರ್ಷವೇ ಆಕೆಗೆ ಇರಲಿಲ್ಲ. ಇದೊಂದು ವರ್ಷ ತಪ್ಪಿದರೆ ಮುಂದಿನ ವರ್ಷವೂ ಅವನು ಬಾರನು, ಆಮೇಲೆ ಬಾರದಿರುವುದೇ ರೂಢಿಯಾಗುತ್ತದೆ. ಇದು ಮೂವರಿಗೂ ತಿಳಿದಿತ್ತು.

ಭಾವುಬೀಜದ ಬೆಳಿಗ್ಗೆ ಅವ್ವ ಮಾಸಲು ಹಸಿರು ಸೀರೆಯುಟ್ಟು, ಆರತಿಯ ತಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು, "ಔರಾದಿಗಿ ಹೋಗ್ತೇನಿ" ಎಂದಳು. ನನಗೆ ಚಪ್ಪಲಿ ಮೆಟ್ಟಿಕೋ ಎಂದಳು. ಅಪ್ಪನನ್ನು ಕರೆಯಲಿಲ್ಲ. ಅಪ್ಪ ಪತ್ರಿಕೆ ಹಿಡಿದು ಕೂತಿದ್ದರು, ಪುಟ ತಿರುಗಿಸಲಿಲ್ಲ.

ಬಸ್ಸು ತುಂಬ ತಮ್ಮಂದಿರೂ ಅಣ್ಣಂದಿರೂ ಇದ್ದರು, ಎಲ್ಲರ ತೊಡೆಯ ಮೇಲೂ ಒಂದೊಂದು ಪೊಟ್ಟಣ. ನಾನು ಎಣಿಸಲು ಶುರುಮಾಡಿ ನಿಲ್ಲಿಸಿದೆ. ಅವ್ವ ದಾರಿಯುದ್ದಕ್ಕೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. "ತಮ್ಮನ ಮನಿಗಿ ನಾನೇ ಹೋಗಿ ಆರತಿ ಮಾಡೂದಂದ್ರ ಕೇಳ್ಲಿಕ್ಕಿ ಹೋದಂಗ ಆಗ್ತದೇನು?" ಎಂದು ಎರಡು ಸಲ ಕೇಳಿದಳು.

ಊರಿನಾಚೆ ಹಟ್ಟಿಯ ಮುಂದೆ ಮಾಮಾ ಕುರಿಮರಿಯ ಕಾಲಿಗೆ ಮುಲಾಮು ಹಚ್ಚುತ್ತಿದ್ದ. ನಮ್ಮನ್ನು ನೋಡಿ ಎದ್ದವನು ಮರಿಯನ್ನು ಕೆಳಗಿಡುವುದನ್ನೇ ಮರೆತ. "ಅಕ್ಕಾ, ಏನಾಯ್ತು? ಯಾರಿಗಿ ಏನಾಯ್ತು?"

"ಏನಾಗಿಲ್ಲ. ಕೈ ತೊಳ್ಕೊಂಡು ಬಂದು ಕೂಡು."

ಮಾಮಿ ಪಡಸಾಲೆಗೆ ಮಣೆ ತಂದಳು. ಮಾಮಾ ತಲೆಗೆ ಟವೆಲು ಸುತ್ತಿ ಕೂತ. ಅವ್ವ ದೀಪ ಹಚ್ಚಿ ಬೆಳಗಿದಳು. ಬೆಳಗಿ ಮುಗಿದ ಮೇಲೂ ತಟ್ಟೆಯನ್ನು ಕೆಳಗಿಡಲಿಲ್ಲ, ಹಾಗೇ ಹಿಡಿದು ನಿಂತಳು. ಮಾಮಾ ತಟ್ಟೆ ನೋಡಿದ, ನನ್ನನ್ನು ನೋಡಿದ, ಬಾಗಿಲ ಕಡೆ ನೋಡಿದ.

"ಆಕಡಿ ಏನ್ ನೋಡ್ತಿ? ಅವರು ಬಂದಿಲ್ಲ" ಎಂದಳು ಅವ್ವ.

ಮಾಮಿ ನಗು ತಡೆಯಲಾರದೆ, "ತಗೀರಿ ಪೆಟ್ಟಿಗಿ. ಶ್ರಾವಣದಾಗೇ ತಂದಿಟ್ಟಾರಕ್ಕಾ. ದಿನಾ ತಗದ್ ನೋಡೂದು, ಮುಚ್ಚಿಡೂದು" ಎಂದಳು.

ಸೀರೆ ಹಳದಿ, ಕೆಂಪು ದಡಿ. ಅವ್ವ ಒಳಗೆ ಹೋಗಿ ಅದನ್ನು ಉಟ್ಟುಕೊಂಡೇ ಬಂದಳು. ಮಾಸಲು ಹಸಿರನ್ನು ಮಡಚಿ ಮಾಮಿಯ ಕೈಗಿಟ್ಟು, "ಇದು ಕೌದಿಗಿ ಹಾಕು. ಚಳಿ ಬಂತು" ಎಂದಳು. ಊಟಕ್ಕೆ ಸಜ್ಜೆ ರೊಟ್ಟಿ, ಪುಂಡಿಪಲ್ಯ. ಮಾಮಾ ಕುರಿಗಳ ಬಗ್ಗೆ ಒಂದೇ ಸಮನೆ ಮಾತಾಡಿದ, ಅರ್ಧ ನನಗೆ ತಿಳಿಯಲಿಲ್ಲ.

ಸಂಜೆ ಮನೆಗೆ ಬಂದಾಗ ಅಪ್ಪ ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದರು. ಹಳದಿ ಸೀರೆ ಕಂಡು ನಿಂತರು.

"ಒಂದ್ ಬಿಟ್ಟು ಒಂದ್ ಉಟ್ಕೊಂಡು ಬಂದೀನಿ. ಎಣಸ್ಲಿಕ್ಕಿ ಹೇಳ್ರಿ ನಿಮ್ಮ ಮಗಳಿಗಿ" ಎಂದಳು ಅವ್ವ. ಒಂದು ಹೊರಗೆ, ಒಂದು ಒಳಗೆ. ಸೀರೆ ಹದಿನಾಲ್ಕೇ. ನಾನು ಹೇಳುವ ಅಗತ್ಯವಿರಲಿಲ್ಲ, ಗಣಿತದ ಮಾಸ್ತರರಿಗೆ ಅಷ್ಟು ಬರುತ್ತದೆ.

ಅಪ್ಪ ಕೇಳಿದರು, "ನನಗ್ಯಾಕ ಕರೀಲಿಲ್ಲ?"

"ನೀವು ಬಂದಿದ್ರ ಅವ ಪೆಟ್ಟಿಗಿ ತಗೀತಿದ್ದಿಲ್ರಿ."

ಅವ್ವ ಕಾಲು ತೊಳೆಯಲು ಹಿತ್ತಲಿಗೆ ಹೋದಳು. ಅಪ್ಪ ಕೂತರು, ಎದ್ದರು, ಖಾಲಿ ಗೂಡಿನ ಮುಂದೆ ನಿಂತು ಬಂದರು. ಆಮೇಲೆ ಫೋನು ತೆಗೆದುಕೊಂಡು ಭಾಲ್ಕಿಗೆ ಹಚ್ಚಿದರು. ಅಲ್ಲಿ ರಿಂಗಾಗುತ್ತಿರುವುದು ನನಗೂ ಕೇಳುತ್ತಿತ್ತು. ಅತ್ತೆ ಎತ್ತಿದಾಗ ಅಪ್ಪ ಮೊದಲು ಕೆಮ್ಮಿದರು. "ಅಕ್ಕಾ, ಆ ಸೀರಿ ಅದ ಏನು, ಯಾರಿಗರೇ ಕೊಟ್ಟಿಯೋ?"

ಅತ್ತೆಯ ಉತ್ತರ ನನಗೆ ಕೇಳಲಿಲ್ಲ. ಅಪ್ಪ ಬಹಳ ಹೊತ್ತು ಬೈಸಿಕೊಂಡರು. ನಡುವೆ ಒಮ್ಮೆ ನನ್ನ ಕಡೆ ತಿರುಗಿ, ಮಾತು ಮುಗಿಯುವ ತನಕ ಏನೂ ಬರೆಯಬೇಡ ಎಂಬಂತೆ ಕೈ ಅಲ್ಲಾಡಿಸಿದರು.